ಹವಳದ ತೊಟ್ಟಿಗೆ ಅಗ್ಗದ ಬೆಳಕು ಯಾವುದು?

ಹವಳದ ಅಂಗಾಂಶದಲ್ಲಿ ನೆಲೆಸಿರುವ ಸೂಕ್ಷ್ಮ ಪಾಚಿಗಳು ದ್ಯುತಿಸಂಶ್ಲೇಷಣೆಯಿಂದ ಅದರ ಆಹಾರದ ಬಹುಪಾಲನ್ನು ಒದಗಿಸುತ್ತವೆ. ಹಾಗಾಗಿ ದೀಪದ ವ್ಯಾಟ್‌ಗಿಂತ ಬೆಳಕಿನ ಬಣ್ಣ ಮುಖ್ಯ. 400ರಿಂದ 500 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಈ ಪಾಚಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಮೆಟಲ್ ಹ್ಯಾಲೈಡ್ ದೀಪ ನೀರನ್ನು ಬಿಸಿಮಾಡುತ್ತದೆ, ಟಿ5 ಟ್ಯೂಬುಗಳನ್ನು ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು. ಕೊಳ್ಳುವಾಗ ತುಸು ದುಬಾರಿ ಎನಿಸಿದರೂ, ಪ್ರಖರತೆ ತಗ್ಗಿಸಬಲ್ಲ ನೀಲಿ-ಬಿಳಿ ಎಲ್‌ಇಡಿಯೇ ಕೊನೆಗೆ ಅಗ್ಗ. ಆದರೆ ನಿಜವಾದ ಉಳಿತಾಯ ಇರುವುದು ಹವಳದ ಆಯ್ಕೆಯಲ್ಲಿ: ಮಶ್ರೂಮ್‌ನಂಥ ಮೆದು ಜಾತಿಗಳು ಮಂದ ಬೆಳಕಿನಲ್ಲೂ ಬಾಳುತ್ತವೆ, ಅಕ್ರೊಪೊರಾದಂಥ ಗಟ್ಟಿ ಹವಳಕ್ಕೆ ಅದರ ಹಲವು ಪಟ್ಟು ಬೆಳಕು ಬೇಕು. ಹೊಸ ದೀಪವನ್ನು ಮೊದಲ ದಿನವೇ ಪೂರ್ಣ ಪ್ರಖರವಾಗಿ ಉರಿಸಿದರೆ ಹವಳ ಬಿಳಿಚಿಕೊಳ್ಳಬಹುದು; ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸಬೇಕು. ಭಾರತದಲ್ಲಿ ದೀಪಕ್ಕೂ ಮೊದಲು ಕಾನೂನು ನೋಡಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಗಟ್ಟಿ ಹವಳಗಳನ್ನು ಸಮುದ್ರದಿಂದ ಕೀಳುವುದು, ಮಾರುವುದು ಅಪರಾಧ.