ಕಾರಿನ ಪಿಕಪ್ ತಪ್ಪಿದೆಯೇ? ಪುಟ್ಟ ಸೆನ್ಸರ್ ಕಡೆ ಗಮನವಿರಲಿ

ಮಕ್ಕಳ ಶಾಲೆಗೆ ರಜೆ ಸಿಕ್ಕಿದ ಕೂಡಲೇ ಸ್ವಂತ ಕಾರಿನಲ್ಲಿ ಊರಿಗೆ ಹೊರಡುವ ತುಳು-ಕನ್ನಡಿಗರು ಮುಂಬಯಿಯಲ್ಲಿ ಬಹಳಷ್ಟಿದ್ದಾರೆ. ಮಂಗಳೂರಿಗೆ ಸುಮಾರು 900 ಕಿ.ಮೀ. ದಾರಿ. ಹೊರಡುವ ಮುನ್ನ ಆಯಿಲ್, ಬ್ರೇಕ್, ಟಯರ್ ನೋಡಿಸುವುದು ವಾಡಿಕೆ. ಆದರೆ ಘಾಟಿಯಲ್ಲಿ ಲಾರಿಯನ್ನು ಹಿಂದಿಕ್ಕಲು ಆಕ್ಸಿಲರೇಟರ್ ತುಳಿದಾಗ ಗಾಡಿ ಕ್ಷಣಕಾಲ ತಡವರಿಸಿ, ಬಳಿಕ ಜರ್ಕ್ ಹೊಡೆದು ಮುನ್ನುಗ್ಗಿದರೆ ಒಳಗೆ ಕುಳಿತವರ ಜೀವ ಬಾಯಿಗೆ ಬರುತ್ತದೆ. ಇಂತಹ ತೊಂದರೆಗೆ ಕೆಲವೊಮ್ಮೆ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಮೆಕ್ಯಾನಿಕರು ಟಿಪಿಎಸ್ ಎನ್ನುವ ಅಂಗೈಯಲ್ಲಿ ಹಿಡಿಸುವ ಸಾಧನವೇ ಕಾರಣವಾಗಿರುತ್ತದೆ.

ಕಾರ್ಬೊರೇಟರ್ ಇದ್ದ ಪದ್ಮಿನಿ, ಅಂಬಾಸಿಡರ್‌ಗಳ ಕಾಲದಲ್ಲಿ ಅನುಭವಿ ಮೇಸ್ತ್ರಿ ಎಂಜಿನ್ನಿನ ಸದ್ದು ಕೇಳಿಯೇ ಸ್ಕ್ರೂಡ್ರೈವರ್‌ನಿಂದ ಟ್ಯೂನಿಂಗ್ ಮಾಡುತ್ತಿದ್ದ. 2000ದ ಆಸುಪಾಸಿನಲ್ಲಿ ಹೊಗೆ ನಿಯಮಗಳು ಬಿಗಿಯಾದಂತೆ ಎಂಪಿಎಫ್‌ಐ ಎಂಜಿನ್‌ಗಳು ಬಂದವು. ಇವುಗಳಲ್ಲಿ ಪೆಟ್ರೋಲ್ ಎಷ್ಟು ಸಿಂಪಡಿಸಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಕವಾಟ ಎಷ್ಟು ತೆರೆದಿದೆ ಎಂಬ ಸುದ್ದಿಯನ್ನು ಅದಕ್ಕೆ ಮುಟ್ಟಿಸುವುದು ಟಿಪಿಎಸ್.

ಕೆಲಸ ಮಾಡುವ ಬಗೆ

ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿಯನ್ನು ನೆನಪಿಸಿಕೊಂಡರೆ ಇದರ ಗುಟ್ಟು ತಿಳಿಯುತ್ತದೆ. ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ತಂತಿಗಳು. ಒಂದರಲ್ಲಿ 5 ವೋಲ್ಟ್ ವಿದ್ಯುತ್ ಬರುತ್ತದೆ, ಇನ್ನೊಂದು ಅರ್ಥ್, ಮೂರನೆಯದು ಸಂದೇಶ ಒಯ್ಯುವ ಸಿಗ್ನಲ್ ತಂತಿ. ಕವಾಟ ಮುಚ್ಚಿದಾಗ ಸಿಗ್ನಲ್ ತಂತಿಯಲ್ಲಿ ಸುಮಾರು 0.5 ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್ ಇರುವುದು ರೂಢಿ. ಖಚಿತ ಅಂಕಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ವಾಲ್ಯೂಮ್ ಗುಂಡಿ ಸವೆದಾಗ ರೇಡಿಯೋ ಕರಕರ ಎನ್ನುವಂತೆ, ಸೆನ್ಸರ್‌ನ ಒಳಪಟ್ಟಿ ಸವೆದ ಜಾಗದಲ್ಲಿ ವೋಲ್ಟೇಜ್ ಕುಸಿಯುತ್ತದೆ ಅಥವಾ ಜಿಗಿಯುತ್ತದೆ. ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನ ಕವಾಟ ಸದಾ ತುಸುವೇ ತೆರೆದು ಮುಚ್ಚುವುದರಿಂದ ಸವೆತ ಹೆಚ್ಚಾಗುವುದೂ ಆ ಭಾಗದಲ್ಲೇ.

ಐಡ್ಲಿಂಗ್ ಏರಿಳಿಯುವುದು, ಸಿಗ್ನಲ್‌ನಲ್ಲಿ ಎಂಜಿನ್ ಬಂದ್ ಬೀಳುವುದು, ಪಿಕಪ್ ಇಲ್ಲದಿರುವುದು, ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ತಪ್ಪು ಹೊತ್ತಿನಲ್ಲಿ ಬದಲಾಗುವುದು ಇದರ ಲಕ್ಷಣಗಳು. ಚೆಕ್ ಎಂಜಿನ್ ದೀಪ ಉರಿದಾಗ ಸ್ಕ್ಯಾನರ್ ಜೋಡಿಸಿದರೆ ಪಿ 0120ರಿಂದ ಪಿ 0124ರವರೆಗಿನ ಕೋಡ್ ಸಿಗಬಹುದು. ಆದರೆ ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಸತ್ತಿದೆ ಎಂದಲ್ಲ. ಕೋಡ್ ಹೇಳುವುದು ಆ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ಮಳೆಗಾಲದ ತೇವದಿಂದ ಕನೆಕ್ಟರ್‌ನ ಪಿನ್ ಹಸಿರುಗಟ್ಟಿರಬಹುದು, ಸೊಸೈಟಿಯ ಪಾರ್ಕಿಂಗ್‌ನಲ್ಲಿ ಇಲಿ ತಂತಿ ಕಡಿದಿರಬಹುದು, ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಕವಾಟ ಸರಿಯಾಗಿ ಮುಚ್ಚದಿರಬಹುದು. ಮೊದಲು ಇವನ್ನು ನೋಡಬೇಕು.

ಪರೀಕ್ಷೆ, ಹೊಂದಾಣಿಕೆ

ಕೇಬಲ್ ಇರುವ ಕಾರುಗಳಲ್ಲಿ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡದೆ ಚಾವಿ ಮಾತ್ರ ಆನ್ ಮಾಡಿ, ಮೊದಲು 5 ವೋಲ್ಟ್ ಮತ್ತು ಅರ್ಥ್ ಸರಿಯಿವೆಯೇ ಎಂದು ನೋಡಬೇಕು. ಬಳಿಕ ಕನೆಕ್ಟರ್ ಜೋಡಿಸಿಯೇ ಇಟ್ಟು, ಹಿಂಬದಿಯಿಂದ ಸಿಗ್ನಲ್ ತಂತಿಗೆ ಮೀಟರ್ ತಾಗಿಸಿ ಕವಾಟವನ್ನು ನಿಧಾನವಾಗಿ ತೆರೆಯಬೇಕು. ವೋಲ್ಟೇಜ್ ಮೆಟ್ಟಿಲಿಲ್ಲದ ಇಳಿಜಾರಿನಂತೆ ಒಂದೇ ಸಮನೆ ಏರಬೇಕು. ನಡುವೆ ಬಿದ್ದೆದ್ದರೆ ಸೆನ್ಸರ್ ಬದಲಿಸುವುದೇ ದಾರಿ, ಹೊಂದಾಣಿಕೆಯಿಂದ ಸವೆತ ಹೋಗುವುದಿಲ್ಲ. ಮುಳ್ಳಿನ ಮೀಟರ್ ಅಥವಾ ಸ್ಕ್ಯಾನರ್‌ನ ಗ್ರಾಫ್‌ನಲ್ಲಿ ಈ ಕುಸಿತ ಬೇಗ ಕಣ್ಣಿಗೆ ಬೀಳುತ್ತದೆ.

ಏರಿಕೆ ಸರಿಯಾಗಿದ್ದು, ಕವಾಟ ಮುಚ್ಚಿದಾಗಿನ ಅಂಕಿ ಮಾತ್ರ ತಪ್ಪಿದ್ದರೆ ಹೊಂದಾಣಿಕೆ ಮಾಡಬಹುದು. ಸೆನ್ಸರ್‌ನ ಸ್ಕ್ರೂ ತೂತುಗಳು ಉದ್ದವಾಗಿದ್ದರೆ ಅದು ಹೊಂದಿಸಬಲ್ಲ ಮಾದರಿ. ಎರಡು ಸ್ಕ್ರೂ ತುಸು ಸಡಿಲಿಸಿ, ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಹೇಳಿದ ವೋಲ್ಟೇಜ್ ಬರುವವರೆಗೆ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ, ಬಿಗಿದ ನಂತರ ಮತ್ತೊಮ್ಮೆ ಅಳೆಯಬೇಕು. ಬಿಗಿಯುವಾಗ ಅಂಕಿ ಜಾರುವುದುಂಟು. ತೂತುಗಳು ದುಂಡಗಿದ್ದರೆ ಹೊಂದಾಣಿಕೆಗೆ ಅವಕಾಶವಿಲ್ಲ. ರೇಸ್ ಏರಿಸಲೆಂದು ಕವಾಟದ ಸ್ಟಾಪ್ ಸ್ಕ್ರೂ ತಿರುಗಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಇದರಿಂದ ಕವಾಟ ಪೂರ್ತಿ ಮುಚ್ಚಿದ ಸ್ಥಿತಿ ಯಾವುದೆಂಬ ಕಂಪ್ಯೂಟರ್‌ನ ಲೆಕ್ಕವೇ ತಪ್ಪುತ್ತದೆ.

ಹೊಸ ಕಾರುಗಳಲ್ಲಿ ಕೇಬಲ್ ಇಲ್ಲ, ಮೋಟಾರ್ ಕವಾಟವನ್ನು ತೆರೆಯುತ್ತದೆ. ಒಳಗೆ ಎರಡು ಸೆನ್ಸರ್‌ಗಳಿದ್ದು, ಅವುಗಳ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ವೇಗವನ್ನೇ ತಗ್ಗಿಸುತ್ತದೆ. ಇಲ್ಲಿ ಸ್ಕ್ರೂ ತಿರುಗಿಸುವ ಮಾತಿಲ್ಲ. ಸ್ವಚ್ಛಗೊಳಿಸುವುದು ಅಥವಾ ಥ್ರಾಟಲ್ ಬಾಡಿ ಬದಲಿಸುವುದು, ಬಳಿಕ ಸ್ಕ್ಯಾನರ್‌ನಿಂದ ಹೊಸದಾಗಿ ಕಲಿಸುವುದು ಕ್ರಮ. ಚಾವಿ ಆನ್ ಇರುವಾಗ ಈ ಕವಾಟದೊಳಗೆ ಬೆರಳಿಟ್ಟರೆ ಗಾಯವಾದೀತು.

ಸೆನ್ಸರ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದಾಗ ಕೋಡ್ ಯಾವುದು, ಮುಚ್ಚಿದಾಗ ಮತ್ತು ತೆರೆದಾಗ ವೋಲ್ಟೇಜ್ ಎಷ್ಟು ಬಂತು ಎಂದು ಕೇಳುವುದು ಗ್ರಾಹಕರ ಹಕ್ಕು. ಅಳೆದು ನೋಡಿದ ಮೆಕ್ಯಾನಿಕ್ ಸಂತೋಷದಿಂದಲೇ ತೋರಿಸುತ್ತಾನೆ. ಊರಿಗೆ ಹೊರಡುವ ಹಿಂದಿನ ದಿನ ಅವಸರ ಮಾಡುವ ಬದಲು ಒಂದು ವಾರ ಮೊದಲೇ ಈ ಪರೀಕ್ಷೆ ಮಾಡಿಸಿ, ನಗರದಲ್ಲೇ ನಾಲ್ಕು ದಿನ ಓಡಿಸಿ ನೋಡುವುದು ಜಾಣತನ.