ಅಂಟಿನ ಪಟ್ಟಿ



ಬಾಣಂತಿಗೆ ಅಂಟಿನ ಉಂಡಿ ಮಾಡುವುದು ನಿಮಗೆಲ್ಲ ಗೊತ್ತು. ಆ ಅಂಟು ಎಲ್ಲಿಂದ ಬರುತ್ತದೆ? ಜಾಲಿಯಂಥ ಮರಗಳಿಂದ. ತೊಗಟೆಗೆ ಪೆಟ್ಟು ಬಿದ್ದರೆ ಅಲ್ಲಿ ಅಂಟು ಸೋರುತ್ತದೆ. ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಮರ ತನ್ನ ಗಾಯಕ್ಕೆ ತಾನೇ ಪಟ್ಟಿ ಹಾಕಿಕೊಳ್ಳುತ್ತದೆ ಅನ್ನಿ.

ಈ ಅಂಟಿನಿಂದ ನಾವೂ ಒಂದು ಪಟ್ಟಿ ಮಾಡಬಹುದು. ಕಳೆ ಕಿತ್ತು ಸೊಂಟ ಹಿಡಿಯುತ್ತದೆ. ನೀರು ಹೊತ್ತು ಭುಜ ನೋಯುತ್ತದೆ. ಆಗ ಈ ಪಟ್ಟಿ ಸ್ವಲ್ಪ ಆರಾಮ ಕೊಡುತ್ತದೆ.

ಇದಕ್ಕೆ ನೀಲಗಿರಿ ಎಣ್ಣೆ ಬೇಕು. ನೀಲಗಿರಿ ಮರ ಆಸ್ಟ್ರೇಲಿಯಾ ದೇಶದ್ದು. ಸುಮಾರು ೧೭೯೦ರಲ್ಲಿ ನಮ್ಮ ನಂದಿ ಬೆಟ್ಟದಲ್ಲಿ ಇದನ್ನು ನೆಟ್ಟರಂತೆ. ಇದರ ಎಲೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಾರೆ. ಚರ್ಮಕ್ಕೆ ಹಚ್ಚಿದರೆ ಮೊದಲು ತಂಪು, ಆಮೇಲೆ ಬೆಚ್ಚಗೆ. ಆದರೆ ಈ ಎಣ್ಣೆ ಬೇಗ ಗಾಳಿಗೆ ಹಾರಿಹೋಗುತ್ತದೆ. ಅಂಟು ಅದನ್ನು ಹಿಡಿದಿಡುತ್ತದೆ. ಬಟ್ಟೆ ಅದನ್ನು ಮುಚ್ಚಿಡುತ್ತದೆ. ಎಣ್ಣೆ ಹೆಚ್ಚು ಹೊತ್ತು ಚರ್ಮಕ್ಕೆ ತಾಗಿರುತ್ತದೆ.

ಗುಣ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ನಾವೂ ಒಮ್ಮೆ ತಪ್ಪು ಮಾಡಿದ್ದೇವೆ. ನಮ್ಮ ಅವ್ವನಿಗೆ ಮೊಣಕಾಲು ನೋವು. ಹೆಚ್ಚು ಹಾಕಿದರೆ ಬೇಗ ವಾಸಿ ಅಂದುಕೊಂಡೆವು. ಬರೀ ಎಣ್ಣೆ ಸುರಿದು, ಬಿಗಿಯಾಗಿ ಬಟ್ಟೆ ಕಟ್ಟಿ ಮಲಗಿಸಿದೆವು. ಬೆಳಿಗ್ಗೆ ಬಿಚ್ಚಿದರೆ ಬೊಬ್ಬೆ ಎದ್ದಿತ್ತು. ಅವ್ವ ಬೈಯಲಿಲ್ಲ. “ನೋವು ಒಂದಿತ್ತು, ಎರಡಾಯ್ತು” ಅಂದಳು ಅಷ್ಟೇ. ಅದಕ್ಕೇ ಅಳತೆ ಹೇಳುತ್ತೇವೆ, ಕೇಳಿ.

ಬೇಕಾದ ಸಾಮಾನು

ಅಂಟಿನ ಪುಡಿ ೨ ಚಮಚ. ಕುದಿಸಿ ಆರಿಸಿದ ನೀರು ೩ ಚಮಚ. ಜೇನುತುಪ್ಪ ಅರ್ಧ ಚಮಚ. ಕೊಬ್ಬರಿ ಎಣ್ಣೆ ಅರ್ಧ ಚಮಚ. ನೀಲಗಿರಿ ಎಣ್ಣೆ ೪ ಹನಿ. ಕುದಿಸಿ ಬಿಸಿಲಲ್ಲಿ ಒಣಗಿಸಿದ ಹಳೆ ಹತ್ತಿ ಬಟ್ಟೆ.

ಉಂಡಿಗೆ ಬಳಸುವ ಅಂಟೇ ಸಾಕು. ಆದರೆ ಹುರಿಯಬೇಡಿ. ಕಾಗದ ಅಂಟಿಸುವ ಬಾಟಲಿ ಗೋಂದು ಬೇಡ. ಮರದಿಂದ ಸೋರಿದ್ದೆಲ್ಲ ಅಂಟಲ್ಲ. ಕಳ್ಳಿ ಹಾಲು, ಕೇರುಬೀಜದ ರಸ ಚರ್ಮವನ್ನು ಸುಡುತ್ತವೆ. ರಾಳ ನೀರಲ್ಲಿ ಕರಗುವುದಿಲ್ಲ.

ಮಾಡುವ ಬಗೆ

ಅಂಟನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಜೇನು ಕಲಸಿ. ಜೇನು ಇದ್ದರೆ ಅಂಟು ಒಣಗಿ ಬಿರಿಯುವುದು ಕಡಿಮೆ. ನೀಲಗಿರಿ ಎಣ್ಣೆಯನ್ನು ಮೊದಲು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ಆಮೇಲೆ ಅಂಟಿಗೆ ಹಾಕಿ ಚೆನ್ನಾಗಿ ತಿರುವಿ. ಒಲೆಯ ಹತ್ತಿರ ಇದನ್ನು ಮಾಡಬೇಡಿ. ನೀಲಗಿರಿ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ಬಟ್ಟೆಯ ಮೇಲೆ ತೆಳ್ಳಗೆ ಸವರಿ. ಕೈಗೆ ಅಂಟಂಟು ಅನ್ನಿಸಿದಾಗ ನೋವಿರುವಲ್ಲಿ ಹಾಕಿ.

ಎರಡು ತಾಸು ಸಾಕು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಪಟ್ಟಿ ಹಾಕಿ ಮಲಗಬೇಡಿ. ಅದರ ಮೇಲೆ ಶಾಖ ಕೊಡಬೇಡಿ. ಉಳಿದ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಮರುದಿನ ಮೈಗೆ ಹಚ್ಚಬೇಡಿ.

ಮೊದಲ ಸಲ ಹಾಕುವವರು ಮೊಳಕೈ ಒಳಬದಿಗೆ ಬಿಲ್ಲೆಯಷ್ಟು ಹಚ್ಚಿ, ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಈ ಪಟ್ಟಿ ನಿಮಗೆ ಆಗಿಬರುವುದಿಲ್ಲ.

ಯಾರಿಗೆ ಬೇಡ?

ಗಾಯ, ಸುಟ್ಟ ಜಾಗ, ಹುಣ್ಣಿನ ಮೇಲೆ ಬೇಡ. ಗರ್ಭಿಣಿಯರು, ಉಬ್ಬಸ ಇರುವವರು ಡಾಕ್ಟರನ್ನು ಕೇಳದೆ ಹಾಕಬಾರದು. ಮಕ್ಕಳಿಗೆ ಬೇಡವೇ ಬೇಡ. ಶೀತ ಆಗಿದೆ ಅಂತ ಕೂಸಿನ ಮೂಗಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಚ್ಚಬೇಡಿ. ಕೂಸಿಗೆ ಉಸಿರು ಕಟ್ಟಬಹುದು. ನೋವಿನ ಜೊತೆ ಬಾವು, ಜ್ವರ ಇದ್ದರೆ ಆಸ್ಪತ್ರೆಗೆ ಹೋಗಿ. ಈ ಪಟ್ಟಿ ನೋವನ್ನು ತಗ್ಗಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ.

ಕೊನೆಯ ಮಾತು

ನೀಲಗಿರಿ ಎಣ್ಣೆ ನೋಡಲು ನೀರಿನ ಹಾಗಿದೆ. ಮಗು ಒಂದು ಚಮಚ ಕುಡಿದರೂ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಬಾಟಲಿ ಮೇಲೆ ಇಂಗ್ಲಿಷ್ ಅಕ್ಷರ ಇರಬಹುದು. ಈಗ ನಿಮಗೆ ಬರೆಯಲು ಬರುತ್ತದೆ. ಒಂದು ಚೀಟಿ ತೆಗೆದುಕೊಳ್ಳಿ. ನಿಮ್ಮ ಕೈಯಿಂದಲೇ ಬರೆಯಿರಿ:

ನೀಲಗಿರಿ ಎಣ್ಣೆ. ಕುಡಿಯಬಾರದು.

ಉಳಿದ ಅಂಟಿನಿಂದ ಬಾಟಲಿಗೆ ಅಂಟಿಸಿ. ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ.