ಚಿಗರಿ ಬಂತು, ಮನೆ ರೇಟು ಏನಾಯ್ತು?

ಧಾರವಾಡದಲ್ಲಿ ಸೈಟ್ ನೋಡೋಕೆ ಹೋಗಿ. ಏಜೆಂಟ್ ಮೊದಲು ಹೇಳೋದೇ ಇದು: "ಚಿಗರಿ ಸ್ಟಾಪ್ ಇಲ್ಲೇ ಐತ್ರೀ, ನಡಕೋತ ಹೋಗಬಹುದು!"

ಚಿಗರಿ ಅಂದ್ರೆ ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್. ಸುಮಾರು 22 ಕಿಲೋಮೀಟರ್, ಬಹುಪಾಲು ತನ್ನದೇ ಲೇನು. ಪ್ರಾಯೋಗಿಕ ಓಡಾಟ 2018ರಲ್ಲಿ, ಉದ್ಘಾಟನೆ 2020ರಲ್ಲಿ.

ಆದರೆ ಸೈಟಿನ ರೇಟು ಬಸ್ಸಿಗೆ ಕಾಯಲ್ಲ ನೋಡಿ. ಯೋಜನೆಯ ಸುದ್ದಿ ಬಂದಾಗಲೇ ಸಾಮಾನ್ಯವಾಗಿ ಏರೋಕೆ ಶುರು. ಬಸ್ ಓಡೋ ಹೊತ್ತಿಗೆ ಆ ಸ್ಟಾಪಿನ ಬೆಲೆಯನ್ನೂ ನಿಮ್ಮಿಂದಲೇ ವಸೂಲಿ ಮಾಡಿರ್ತಾರೆ.

ಕಾಲೇಜು ಊರಲ್ಲಿ ನಿಜವಾದ ಆಟ ಬಾಡಿಗೆಯದ್ದು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಸಪ್ತಾಪುರದ ಕೋಚಿಂಗ್ ಕ್ಲಾಸುಗಳು. ಹುಡುಗರಿಗೆ ಬೇಕಾಗಿರೋದು ಒಂದು ಕಾಟು, ಹತ್ತಿರದಲ್ಲೊಂದು ಖಾನಾವಳಿ. ಬಸ್ಸು ಸರಿಯಾಗಿ ಸಿಕ್ಕರೆ ದೂರದಲ್ಲೂ ರೂಮು ಹಿಡೀತಾರೆ. ಆಗ ಹೊರಗಿನ ಬಡಾವಣೆಗೆ ಲಾಭ. ಕ್ಯಾಂಪಸ್ ಪಕ್ಕದ ಮನೆ ಮಾಲೀಕರ ಬಿಗಿ ಮಾತ್ರ ಸ್ವಲ್ಪ ಸಡಿಲ. ಇದನ್ನ ಯಾವ ಏಜೆಂಟೂ ಬಾಯಿ ಬಿಡಲ್ಲ.

ಸ್ಟಾಪಿನಿಂದ ಐದು ನಿಮಿಷ ಒಳಗಿನ ಓಣಿ ಬೇರೆ, ಮುಖ್ಯರಸ್ತೆಗೇ ಬಾಗಿಲಿರೋ ಮನೆ ಬೇರೆ. ಎರಡನೇದು ಅಂಗಡಿಗೆ ಬಂಗಾರ. ಸಂಸಾರಕ್ಕೆ ಧೂಳು, ಹಾರ್ನು. ನಡುವೆ ಬಸ್ ಲೇನಿನ ಬೇಲಿ, ಎದುರಿನ ಔಷಧಿ ಅಂಗಡಿಗೂ ಸುತ್ತು ಹಾಕಬೇಕು. ಟೋಲ್ ನಾಕಾ ಹತ್ತಿರವಂತೂ ಜೋರು ಮಳೆಗೆ ರಸ್ತೆ ಮೇಲೇ ನೀರು. ಮನೆ ನೋಡೋದಾದ್ರೆ ಜುಲೈನಲ್ಲಿ ನೋಡಿ!

ಹೋಗೋ ಮುಂಚೆ ಆ ಓಣಿಯ ಮಾರ್ಗಸೂಚಿ ದರ ತೆಗೆದು ನೋಡಿ. ರಾಜ್ಯ ಅದನ್ನ 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದೆ. ಮುದ್ರಾಂಕ ಶುಲ್ಕ ಬೀಳೋದು ಅದರ ಮೇಲೆ. ನಿಮ್ಮ ಕ್ರಯದ ಮೊತ್ತ ಅದಕ್ಕಿಂತ ಹೆಚ್ಚಿದ್ರೆ, ಆ ಮೊತ್ತದ ಮೇಲೆ.